ಬಡತನ, ಸಂಘರ್ಷಗಳ ಸುದ್ದಿ ಮತ್ತು ಜನರ ಅಪನಂಬಿಕೆ: ಸವಳಂಗ ಸೀಮೆ ಹಾಗೂ ಸುತ್ತಿನ ಕರ್ನಾಟಕ

ಬರ, ಗುಳೆ, ಸಾಲ, ಆತ್ಮಹತ್ಯೆ, ಜಾತಿ ಜಗಳ, ಕೋಮು ಗಲಭೆ ಇಂಥವುಗಳನ್ನು ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ವರದಿ ಮಾಡುವ ರೀತಿಯ ಬಗ್ಗೆ ಜನರಲ್ಲಿ ಬೆಳೆದಿರುವ ಸಂಶಯ ಈ ಲೇಖನದ ವಿಷಯ. ಓದುಗರಿಗಿಂತಲೂ ಸುದ್ದಿಯ ವಸ್ತುವಾದವರಲ್ಲಿ ಈ ಸಂಶಯ ಹೆಚ್ಚು. ಸುಳ್ಳು ಸುದ್ದಿಯೇ ಇದಕ್ಕೆ ಕಾರಣ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ದಾವಣಗೆರೆ, ಶಿವಮೊಗ್ಗ ಜಿಲ್ಲೆಗಳ ಮತ್ತು ಅವುಗಳ ಆಚೀಚಿನ ಪ್ರಕರಣಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹಸಿ ಸುಳ್ಳು ಕಡಿಮೆ. ಕಲ್ಲು ಬಿದ್ದಾಗ ಬಂದು, ಕಲ್ಲು ಏಕೆ ಬಿತ್ತೆಂದು ಕೇಳುವ ಹೊತ್ತಿಗೆ ಹೊರಟುಹೋದ ಸುದ್ದಿ ಜಾಸ್ತಿ.

ಸೀಮೆ

ಸವಳಂಗ ಊರು ಶಿವಮೊಗ್ಗ–ಶಿಕಾರಿಪುರ ಹೆದ್ದಾರಿಯ ಮೇಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಅದಕ್ಕೆ ಸೇರಿದವು. ಹೊನ್ನಾಳಿಯನ್ನು ಒಡೆದು ನ್ಯಾಮತಿಯನ್ನು ತಾಲ್ಲೂಕು ಮಾಡಿದ್ದು ಆಮೇಲೆ. ಸವಳಂಗ ಈಗ ನ್ಯಾಮತಿಗೆ ಸೇರಿದೆ. ಒಂದೇ ಜಿಲ್ಲೆ ಎಂದರೂ ಈ ತಾಲ್ಲೂಕುಗಳ ಬದುಕು ಒಂದೇ ಅಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟ, ಸೂಳೆಕೆರೆ, ಭದ್ರಾ ನಾಲೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ. ಜಗಳೂರು ಮಳೆಯನ್ನೇ ನೆಚ್ಚಿದ ಬಯಲು ನೆಲ. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಹೊನ್ನಾಳಿ, ಚನ್ನಗಿರಿ, ಜಗಳೂರು ಮೂರೂ ಆ ಪಟ್ಟಿಯಲ್ಲಿವೆ. ಅಡಿಕೆ ಧಾರಣೆ ಏರಿದ ದಿನ ಚನ್ನಗಿರಿಯ ಬಗ್ಗೆ ಓದುವವರಿಗೆ ಈ ಮಾತು ನಂಬಲು ಕಷ್ಟವಾದೀತು. ತೋಟದ ಯಜಮಾನನೂ ಆ ತೋಟದಲ್ಲಿ ಕೊನೆ ಕೊಯ್ಯುವವನೂ ಒಂದೇ ಸರಾಸರಿಯೊಳಗೆ ಅಡಗಿಹೋಗುತ್ತಾರೆ.

ಪತ್ರಿಕೆಗಳ ಜಿಲ್ಲಾ ಪುಟಗಳು ಈ ಗಡಿಯನ್ನು ಮತ್ತಷ್ಟು ಗಟ್ಟಿ ಮಾಡಿವೆ. ಸವಳಂಗದವರಿಗೆ ದೊಡ್ಡಾಸ್ಪತ್ರೆ, ಕಾಲೇಜು, ಸಂತೆ ವ್ಯವಹಾರ ಹತ್ತಿರವಾಗುವುದು ಶಿವಮೊಗ್ಗ, ಶಿಕಾರಿಪುರಗಳಲ್ಲಿ. ಆದರೆ ಅವರ ಸುದ್ದಿ ಅಚ್ಚಾಗುವುದು ದಾವಣಗೆರೆ ಆವೃತ್ತಿಯಲ್ಲಿ. ತಾವು ದಿನವೂ ಓಡಾಡುವ ಊರಿನ ಸುದ್ದಿ ಪಕ್ಕದ ಜಿಲ್ಲೆಯ ಪುಟದಲ್ಲಿ, ತಮ್ಮ ಊರಿನದು ದೂರದ ಜಿಲ್ಲಾ ಕೇಂದ್ರದ ಪುಟದಲ್ಲಿ. ರಾಜ್ಯ ಮಟ್ಟದ ಪತ್ರಿಕೆಗಳು ಜಿಲ್ಲೆಗೊಂದು ಆವೃತ್ತಿ ಹೊರಡಿಸತೊಡಗಿದ ಮೇಲೆ ಹಳ್ಳಿಯ ಸುದ್ದಿಗೆ ಜಾಗ ಹೆಚ್ಚಾಯಿತು. ಆ ಸುದ್ದಿ ಹೋಗಿ ಮುಟ್ಟುವ ದೂರ ಕುಗ್ಗಿತು. ಜಗಳೂರಿನ ಕುಡಿಯುವ ನೀರಿನ ಪಾಡು ಜಗಳೂರಿನವರಿಗೇ ವರದಿಯಾಗಿ ತಿರುಗಿ ಬರುತ್ತದೆ, ವಿಧಾನಸೌಧದ ಟೇಬಲ್ ಮೇಲಿನ ಪ್ರತಿಯಲ್ಲಿ ಅದು ಇರುವುದಿಲ್ಲ.

ಹಿನ್ನೆಲೆ

ದಕ್ಷಿಣ ಭಾರತದ ಹಸಿವು ಮೊದಲ ಸಲ ಜಗತ್ತಿನ ಕಣ್ಣಿಗೆ ಚಿತ್ರವಾಗಿ ಬಿದ್ದದ್ದು 1876–78ರ ಮಹಾಕ್ಷಾಮದಲ್ಲಿ, ಜನ ಧಾತು ಸಂವತ್ಸರದ ಬರ ಎಂದು ನೆನೆದ ಕಾಲದಲ್ಲಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಗಣತಿಗೆ 42 ಲಕ್ಷದ ಹತ್ತಿರಕ್ಕೆ ಇಳಿಯಿತು. ಮದರಾಸು ಪ್ರಾಂತ್ಯದ ಸೇನಾಧಿಕಾರಿ ವಿಲೋಬಿ ವಾಲೇಸ್ ಹೂಪರ್ ಎಲುಬುಗೂಡಾದ ಜನರನ್ನು ಸಾಲಾಗಿ ಕೂರಿಸಿ ತೆಗೆದ ಛಾಯಾಚಿತ್ರಗಳು ಆಗಿನವು. ಅವು ಬ್ರಿಟನ್ನಿನಲ್ಲಿ ಕ್ಷಾಮದ ಅರಿವು ಮೂಡಿಸಿದವು, ಜೊತೆಗೆ ಟೀಕೆಯನ್ನೂ ತಂದವು: ಕ್ಯಾಮೆರಾ ಮುಂದೆ ಕೂತವರಿಗೆ ಗಂಜಿ ಸಿಕ್ಕಿತೇ? ಸುಡಾನಿನಲ್ಲಿ ರಣಹದ್ದು ಮತ್ತು ಮಗುವಿನ ಚಿತ್ರ ತೆಗೆದು 1994ರಲ್ಲಿ ಪುಲಿಟ್ಜರ್ ಪಡೆದ ಕೆವಿನ್ ಕಾರ್ಟರ್‌ಗೂ ಲೋಕ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಮಲೆನಾಡಿನಲ್ಲಿ ಇದರ ಇನ್ನೊಂದು ಮುಖವಿದೆ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಸಂಘಟಿಸಿದ, ಶಾಂತವೇರಿ ಗೋಪಾಲಗೌಡರು ಮುನ್ನಡೆಸಿದ ಆ ಹೋರಾಟ ದೇಶದ ಗಮನಕ್ಕೆ ಬಂದದ್ದು ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ. ದೊಡ್ಡವರು ಬಂದರೇ ಬಡವರ ಜಗಳ ಸುದ್ದಿ ಎಂಬ ಪಾಠವನ್ನು ಆಮೇಲಿನ ಹೋರಾಟಗಳೆಲ್ಲ ಕಲಿತವು.

1986ರ ಮಾರ್ಚ್ 20ರಂದು ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ನಡೆದದ್ದು ಇದಕ್ಕಿಂತ ಜಟಿಲ. ರೇಣುಕಾಂಬೆಯ ಜಾತ್ರೆಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರನ್ನೂ ಪೊಲೀಸರನ್ನೂ ಭಕ್ತರು ಹೊಡೆದರು, ಕೆಲವರ ಬಟ್ಟೆ ಬಿಚ್ಚಿ ಮೆರವಣಿಗೆ ಮಾಡಿದರು. ಕ್ಯಾಮೆರಾ ಹಿಡಿದವರ ಮೇಲೂ ಸಿಟ್ಟು ಹರಿಯಿತು. ಸೇವೆಗೆ ಬರುತ್ತಿದ್ದವರಲ್ಲಿ ದಲಿತ, ಹಿಂದುಳಿದ ಜಾತಿಗಳ ಬಡ ಹೆಂಗಸರೇ ಹೆಚ್ಚು. ಅವರ ಬೆತ್ತಲೆ ಮೈ ನೋಡಲೆಂದೇ ನೆರೆಯುವ ಗುಂಪೊಂದು ಜಾತ್ರೆಯಲ್ಲಿ ಇತ್ತು. ಅಂದಿನ ಚಿತ್ರಗಳು ಸುದ್ದಿಯಾಗದಿದ್ದರೆ ಸೇವೆಗೆ ನಿಷೇಧ ಬರುತ್ತಿರಲಿಲ್ಲ ಎಂಬುದು ಎಷ್ಟು ನಿಜವೋ, ಚಿತ್ರದಲ್ಲಿದ್ದವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ ಎಂಬುದೂ ಅಷ್ಟೇ ನಿಜ. ಸಮಿತಿಯ ಸ್ಥಾಪಕ ಸಂಚಾಲಕ ಪ್ರೊ. ಬಿ. ಕೃಷ್ಣಪ್ಪ ಇದೇ ದಾವಣಗೆರೆ ಸೀಮೆಯ ಹರಿಹರದವರು.

ಚಿತ್ರಕ್ಕಿರುವ ಶಕ್ತಿಯನ್ನು ಬಡವರು ಅರಿಯದವರೇನಲ್ಲ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈ 20ರಂದು ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಅದಕ್ಕೂ ಮೊದಲು ಕೊಟ್ಟ ಮನವಿ ಪತ್ರಗಳಿಗೆ ಸಿಗದ ಜಾಗ ಮರುದಿನ ಮುಖಪುಟದಲ್ಲಿ ಸಿಕ್ಕಿತು. ತಮ್ಮನ್ನು ತಾವೇ ಹೀಗೆ ಮಾಡಿಕೊಳ್ಳದ ಹೊರತು ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರೆ ಆ ಲೆಕ್ಕ ತಪ್ಪಾಗಿರಲಿಲ್ಲ.

ಎರಡಿಂಚಿನ ಸುದ್ದಿ

ರೈತ ಆತ್ಮಹತ್ಯೆಯ ಸುದ್ದಿಗೆ ಕನ್ನಡ ಪತ್ರಿಕೆಗಳಲ್ಲಿ ಒಂದು ಅಚ್ಚು ಇದೆ. ಸಾಲಬಾಧೆ ತಾಳಲಾರದೆ ಇಂಥ ಗ್ರಾಮದ ರೈತರೊಬ್ಬರು ವಿಷ ಸೇವಿಸಿದ್ದಾರೆ, ವಯಸ್ಸು ಇಷ್ಟು, ಇಷ್ಟು ಎಕರೆಯಲ್ಲಿ ಮೆಕ್ಕೆಜೋಳ ಹಾಕಿದ್ದರು, ಬ್ಯಾಂಕಿನಲ್ಲಿ ಇಷ್ಟು, ಕೈಗಡ ಇಷ್ಟು ಸಾಲವಿತ್ತು, ಪತ್ನಿ, ಇಬ್ಬರು ಮಕ್ಕಳು ಇದ್ದಾರೆ, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಮೇಲೊಂದು ಪಾಸ್‌ಪೋರ್ಟ್ ಅಳತೆಯ ಫೋಟೊ, ಬಹುತೇಕ ಆಧಾರ್ ಕಾರ್ಡಿನಿಂದ ತೆಗೆದದ್ದು. ಇದರಲ್ಲಿ ಸುಳ್ಳು ಏನೂ ಇಲ್ಲ. ಕೈಗಡ ಯಾರಿಂದ, ಬಡ್ಡಿ ತಿಂಗಳಿಗೆ ನೂರಕ್ಕೆ ಎಷ್ಟು, ಕೊರೆಸಿದ ಬೋರ್‌ವೆಲ್‌ಗಳಲ್ಲಿ ಎಷ್ಟು ಬತ್ತಿದವು, ಪಹಣಿ ಯಾರ ಹೆಸರಲ್ಲಿದೆ, ಇವು ಇಲ್ಲ. ಠಾಣೆಯ ಎಫ್‌ಐಆರ್‌ನಲ್ಲಿ ಇಲ್ಲದ್ದು ಸುದ್ದಿಯಲ್ಲೂ ಇರುವುದಿಲ್ಲ.

ಮನೆಯವರಿಗೆ ನಿಜವಾದ ಕಥೆ ಶುರುವಾಗುವುದು ಸುದ್ದಿ ಮುಗಿದ ಮೇಲೆ. ರಾಜ್ಯ ಸರ್ಕಾರ 2015ರಲ್ಲಿ ಪರಿಹಾರವನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಸಾವು ಪರಿಹಾರಕ್ಕೆ ಅರ್ಹವೇ ಎಂದು ತೀರ್ಮಾನಿಸುವುದು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ. ಸಾಲಕ್ಕೆ ಕಾಗದ ಬೇಕು, ಜಮೀನಿಗೆ ಪಹಣಿ ಬೇಕು, ವಿಷದ ವಿಚಾರಕ್ಕೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬೇಕು. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದ್ದ ಮಗ, ಬಾಯಿಮಾತಿನ ಗುತ್ತಿಗೆಗೆ ಹೊಲ ಮಾಡಿದವನು, ಗಂಡ ಸತ್ತ ಮೇಲೆ ಬೇಸಾಯ ನಡೆಸಿದ ಹೆಂಗಸು ಈ ಕಾಗದಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಕೈಗಡಕ್ಕಂತೂ ಕಾಗದವೇ ಇರುವುದಿಲ್ಲ. ಅರ್ಜಿಯ ಜೊತೆ ಇರಲಿ ಎಂದು ಪತ್ರಿಕೆಯ ತುಣುಕು ಕತ್ತರಿಸಿ ಇಟ್ಟುಕೊಳ್ಳುವ ಮನೆಗಳಿವೆ. ಆದರೆ ಸಮಿತಿಯ ಮುಂದೆ ಆ ಎರಡಿಂಚಿಗೆ ಬೆಲೆಯಿಲ್ಲ. ಅರ್ಜಿ ತಿರಸ್ಕೃತವಾದದ್ದು ಸುದ್ದಿಯಾಗುವುದು ಅಪರೂಪ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ 2015ರಲ್ಲಿ ಕರ್ನಾಟಕದ ಕೃಷಿ ವಲಯದಲ್ಲಿ 1,569 ಆತ್ಮಹತ್ಯೆಗಳನ್ನು ಲೆಕ್ಕ ಹಾಕಿತು. ಮಹಾರಾಷ್ಟ್ರದ ನಂತರದ ಸ್ಥಾನ. ಬ್ಯೂರೊ ಎಣಿಸುವುದು ಪೊಲೀಸ್ ದಾಖಲೆ, ಕೃಷಿ ಇಲಾಖೆ ಎಣಿಸುವುದು ಸಮಿತಿ ಒಪ್ಪಿದ ಪ್ರಕರಣ. ಎರಡು ಅಂಕಿ ಎರಡು ದಿನ ಎರಡು ಪತ್ರಿಕೆಗಳಲ್ಲಿ ಬಂದಾಗ ಓದುಗ ಪತ್ರಿಕೆಯನ್ನು ಅನುಮಾನಿಸುತ್ತಾನೆ, ಎಣಿಕೆಯ ರೀತಿಯನ್ನು ಯಾರೂ ಅವನಿಗೆ ವಿವರಿಸಿರುವುದಿಲ್ಲ. ಕೂಲಿಕಾರರ ಸಾವು ‘ರೈತ ಆತ್ಮಹತ್ಯೆ’ಯ ತಲೆಬರಹದಡಿ ಬರುವುದೇ ಇಲ್ಲ.

ಇದೇ ಸುದ್ದಿಯನ್ನು ಸರ್ಕಾರಗಳು ಅನುಮಾನಿಸುವುದು ಬೇರೆ ಕಾರಣಕ್ಕೆ. ಡಾ. ಜಿ.ಕೆ. ವೀರೇಶ್ ಅಧ್ಯಕ್ಷತೆಯ ತಜ್ಞರ ಸಮಿತಿ 2002ರ ವರದಿಯಲ್ಲಿ ಕುಡಿತ, ಕುಟುಂಬದ ಸಮಸ್ಯೆಗಳಿಗೂ ಒತ್ತು ಕೊಟ್ಟಿತು. ಸಾಲ ಮತ್ತು ಬೆಳೆನಷ್ಟದ ಪಾತ್ರವನ್ನು ಅದು ಕುಗ್ಗಿಸಿತೆಂದು ರೈತ ಸಂಘಟನೆಗಳೂ ಸಂಶೋಧಕರೂ ಟೀಕಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಸಚಿವ ಶಿವಾನಂದ ಪಾಟೀಲ ಅವರು ಪರಿಹಾರದ ಮೊತ್ತ ಹೆಚ್ಚಾದ ಮೇಲೆ ಇಂಥ ಪ್ರಕರಣಗಳ ವರದಿ ಹೆಚ್ಚಾಗಿದೆ ಎಂದು ಹಾವೇರಿಯಲ್ಲಿ ಹೇಳಿ, ಪ್ರಯೋಗಾಲಯದ ವರದಿ ಬರುವ ಮೊದಲೇ ರೈತ ಆತ್ಮಹತ್ಯೆ ಎಂದು ಬರೆಯಬಾರದೆಂಬ ಮಾತೂ ಆಡಿದರು. ಮಾತು ವಿವಾದವಾಯಿತು. ಎರಡು ಮೂರು ದಿನ ಸಚಿವರ ಮಾತೇ ಸುದ್ದಿ. ಪ್ರಯೋಗಾಲಯದ ವರದಿ ಬರಲು ಎಷ್ಟು ತಿಂಗಳು ಹಿಡಿಯುತ್ತದೆ, ಅಷ್ಟರವರೆಗೆ ಮನೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಆ ಗದ್ದಲದಲ್ಲಿ ಜಾಗ ಸಿಗಲಿಲ್ಲ.

ಬರದ ಸುದ್ದಿಯೂ ಹೀಗೆಯೇ ನಡೆಯುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಲಾಯಿತು. ಕೇಂದ್ರ ತಂಡದವರು ಒಣಗಿದ ದಂಟು ಹಿಡಿದು ನಿಂತ ಚಿತ್ರ ಬಂತು, ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋದದ್ದು ಬಂತು, 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾದದ್ದು ಬಂತು. ಜಗಳೂರಿಗೂ ನೀರು ಕೊಡಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ ಕೇಂದ್ರ 2023–24ರ ಬಜೆಟ್‌ನಲ್ಲಿ 5,300 ಕೋಟಿ ಘೋಷಿಸಿದ್ದು ಮುಖಪುಟದ ಸುದ್ದಿ. ಆಮೇಲೆ ಆ ಹಣ ಎರಡು ಪಕ್ಷಗಳ ನಡುವಿನ ವಾಗ್ವಾದದ ಸುದ್ದಿಯಾಯಿತು. ಕಾಲುವೆ ಎಲ್ಲಿಗೆ ಬಂತು ಎಂದು ನೋಡಲು ಜಗಳೂರಿನ ರೈತ ಪತ್ರಿಕೆ ತೆರೆಯುವುದಿಲ್ಲ, ಬೈಕ್ ಹತ್ತಿ ಹೋಗಿ ನೋಡಿ ಬರುತ್ತಾನೆ.

ಶಿಕಾರಿಪುರ, 2023

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರುವರಿಯ ಜಯಂತಿಗೆ ಬೇರೆ ರಾಜ್ಯಗಳಿಂದಲೂ ಬಂಜಾರರು ಇಲ್ಲಿಗೆ ಬರುತ್ತಾರೆ. ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಕನ್ನಡಿ ಹೊಲಿದ ಲಂಗ, ದಂತದಂಥ ಬಳೆ, ಕುಣಿಯುವ ಹೆಂಗಸರು. ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ತಾಂಡಾಗಳಿಂದ ಗುಳೆ ಹೋಗುವವರ ಮಕ್ಕಳು ವರ್ಷದ ಅರ್ಧ ಶಾಲೆ ಬಿಡುವುದು ಆ ಚಿತ್ರದ ಹೊರಗೆ ಉಳಿಯುತ್ತದೆ. ಬಂಜಾರರ ಬಗ್ಗೆ ಮಾಧ್ಯಮದಲ್ಲಿ ಎರಡೇ ಬಗೆಯ ಚಿತ್ರ ಎಂದು ತಾಂಡಾದವರು ಹೇಳುವುದುಂಟು, ಒಂದು ವೇಷದ್ದು, ಇನ್ನೊಂದು ಕಲ್ಲಿನದು.

ಕಲ್ಲಿನ ಚಿತ್ರ 2023ರ ಮಾರ್ಚ್ 27ರದು. ಅದಕ್ಕೆ ಮೂರು ದಿನ ಮೊದಲು, ಮಾರ್ಚ್ 24ರಂದು, ಬಸವರಾಜ ಬೊಮ್ಮಾಯಿ ಸಂಪುಟ ಪರಿಶಿಷ್ಟ ಜಾತಿಯ ಶೇ 17ರ ಮೀಸಲಾತಿಯನ್ನು ಒಳಗೆ ಹಂಚುವ ಶಿಫಾರಸು ಮಾಡಿತ್ತು: ಎಡಗೈ ಗುಂಪಿಗೆ ಶೇ 6, ಬಲಗೈಗೆ ಶೇ 5.5, ಲಂಬಾಣಿ (ಬಂಜಾರ), ಭೋವಿ, ಕೊರಚ, ಕೊರಮರಿಗೆ ಶೇ 4.5, ಉಳಿದವರಿಗೆ ಶೇ 1. ಇದನ್ನು ವಿರೋಧಿಸಿ ಶಿಕಾರಿಪುರದಲ್ಲಿ ಸೇರಿದ ಬಂಜಾರರ ಮೆರವಣಿಗೆಯಿಂದ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಮನೆಗೆ ಕಲ್ಲು ಬಿತ್ತು, ಪೊಲೀಸರು ಲಾಠಿ ಬೀಸಿದರು, ನಿಷೇಧಾಜ್ಞೆ ಬಂತು. ವಾಹಿನಿಗಳಲ್ಲಿ ದಿನವಿಡೀ ಒಡೆದ ಗಾಜು, ಓಡುವ ಜನ ಮತ್ತೆ ಮತ್ತೆ ಸುತ್ತಿದವು. ಇದರ ಹಿಂದೆ ಯಾರಿದ್ದಾರೆ ಎಂಬುದು ಅಂದಿನ ಚರ್ಚೆಯ ಪ್ರಶ್ನೆ. ಕಾಂಗ್ರೆಸ್ ಎತ್ತಿಕಟ್ಟಿತು ಎಂದು ಮುಖ್ಯಮಂತ್ರಿಯೇ ಹೇಳಿದರು. ಮಾರ್ಚ್ 29ರಂದು ಚುನಾವಣೆಯ ದಿನಾಂಕ ಘೋಷಣೆಯಾಯಿತು, ಶಿಕಾರಿಪುರ ಟಿಕೆಟ್ ಲೆಕ್ಕಾಚಾರದ ಸುದ್ದಿಯಾಯಿತು.

ಶೇ 4.5 ಎಂದರೆ ಒಂದು ತಾಂಡಾದ ಹುಡುಗಿಗೆ ನರ್ಸಿಂಗ್ ಸೀಟಿನಲ್ಲಿ, ಪೊಲೀಸ್ ನೇಮಕಾತಿಯಲ್ಲಿ ಏನಾಗುತ್ತದೆ ಎಂದು ಆ ವಾರ ಬಿಡಿಸಿ ಹೇಳಿದವರು ಕಡಿಮೆ. ಒಳಮೀಸಲಾತಿ ಕುರಿತು ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2012ರಲ್ಲಿ ಕೊಟ್ಟ ವರದಿ ಹನ್ನೊಂದು ವರ್ಷ ಬಹಿರಂಗವಾಗದೆ ಇದ್ದದ್ದರಿಂದಲೇ ವದಂತಿಗೆ ಜಾಗವಾಯಿತು ಎಂಬುದೂ ಗದ್ದಲದಲ್ಲಿ ಕೇಳಿಸಲಿಲ್ಲ. ಅತ್ತ ಒಳಮೀಸಲಾತಿಗಾಗಿ ದಶಕಗಳಿಂದ ತಮಟೆ ಬಾರಿಸುತ್ತ ಬಂದ ಮಾದಿಗ ಸಂಘಟನೆಗಳಿಗೂ ಅದೇ ಅಸಮಾಧಾನ: ತಮ್ಮ ಪಾದಯಾತ್ರೆಗಳಿಗೆ ಸಿಗದ ಸಮಯ ಒಂದು ಕಲ್ಲಿಗೆ ಸಿಕ್ಕಿತು, ಹಕ್ಕಿನ ಪ್ರಶ್ನೆ ಜಾತಿ ಜಗಳವಾಗಿ ತೋರಿತು. ಎದುರುಬದುರು ನಿಂತ ಎರಡು ಬಡ ಸಮುದಾಯಗಳು ಟಿ.ವಿ.ಯನ್ನು ನಂಬದಿರುವ ವಿಷಯದಲ್ಲಿ ಮಾತ್ರ ಒಂದಾದವು.

ಸುದ್ದಿಯೇ ಗಲಭೆಗೆ ಕಾರಣವಾದಾಗ

ಕರ್ನಾಟಕದಲ್ಲಿ ವರದಿ ಗಲಭೆಯ ಹಿಂದೆ ಹೋಗುವುದಷ್ಟೇ ಅಲ್ಲ, ಕೆಲವೊಮ್ಮೆ ಮುಂದೆಯೂ ಹೋಗಿದೆ. 1986ರ ಡಿಸೆಂಬರ್‌ನಲ್ಲಿ ಡೆಕ್ಕನ್ ಹೆರಾಲ್ಡ್ ಪ್ರಕಟಿಸಿದ ಒಂದು ಸಣ್ಣಕಥೆಯಿಂದ ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯೆದ್ದು ಜೀವಹಾನಿಯಾಯಿತು. 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನ ಉರ್ದು ವಾರ್ತೆ ಶುರು ಮಾಡಿದ್ದು ಮತ್ತೊಂದು ಗಲಭೆಗೆ ಕಾರಣವಾಯಿತು. ಸವಳಂಗದ ಹತ್ತಿರದ ನಗರ ಶಿವಮೊಗ್ಗದಲ್ಲಿ 2010ರ ಮಾರ್ಚ್ 1ರಂದು ಆದದ್ದು ಈ ಸಾಲಿನದೇ. ಬುರ್ಖಾ ಕುರಿತು ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಕನ್ನಡಪ್ರಭ ಲೇಖನವೊಂದರ ಅನುವಾದವನ್ನು ಪ್ರಕಟಿಸಿತು. ಪ್ರತಿಭಟನೆ ಹಿಂಸೆಗೆ ತಿರುಗಿ ಶಿವಮೊಗ್ಗದಲ್ಲಿ ಇಬ್ಬರು ಸತ್ತರು, ಹಾಸನದಲ್ಲೂ ಗಲಾಟೆಯಾಯಿತು. ತಾನು ಕರ್ನಾಟಕದ ಯಾವ ಪತ್ರಿಕೆಗೂ ಲೇಖನ ಬರೆದಿಲ್ಲ ಎಂದು ಲೇಖಕಿ ಸ್ಪಷ್ಟಪಡಿಸಿದರು. ಮೂಲ ಬರಹ 2007ರಲ್ಲಿ ಇಂಗ್ಲಿಷ್ ವಾರಪತ್ರಿಕೆಯಲ್ಲಿ ಬಂದದ್ದು. ಮೂರು ವರ್ಷ ಹಳೆಯ ಬರಹವನ್ನು ಈದ್ ಮಿಲಾದ್ ಆಸುಪಾಸಿನಲ್ಲೇ ಏಕೆ ಪ್ರಕಟಿಸಲಾಯಿತು ಎಂಬ ಪ್ರಶ್ನೆಗೆ ಓದುಗರಿಗೆ ತೃಪ್ತಿಯಾಗುವ ಉತ್ತರ ಸಿಗಲಿಲ್ಲ. ಗಲಭೆಗಿಳಿದವರ ಹೊಣೆಯನ್ನು ಪತ್ರಿಕೆಯ ತಲೆಗೆ ಕಟ್ಟಬೇಕಿಲ್ಲ. ಆದರೆ ನಗರದ ಒಂದು ಭಾಗ ಆ ದಿನದಿಂದ ಕನ್ನಡ ಪತ್ರಿಕೆಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದ್ದರೆ ಆಶ್ಚರ್ಯವೇನಿಲ್ಲ.

ಲಿಖಿತವಾಗಿ ಸಾಬೀತಾದ ಪ್ರಕರಣ 2020ರದು. ಕೊರೊನಾ ಹರಡಿದ ಏಪ್ರಿಲ್‌ನಲ್ಲಿ ದೆಹಲಿಯ ತಬ್ಲೀಗಿ ಸಭೆಯ ಬಗ್ಗೆ ಕನ್ನಡ ವಾಹಿನಿಗಳು ನಡೆಸಿದ ಕಾರ್ಯಕ್ರಮಗಳ ವಿರುದ್ಧ ಬೆಂಗಳೂರಿನ ‘ದ್ವೇಷ ಭಾಷಣ ವಿರೋಧಿ ಅಭಿಯಾನ’ ದೂರು ಕೊಟ್ಟಿತು. ಸುದ್ದಿ ಪ್ರಸಾರ ಮಾನದಂಡ ಪ್ರಾಧಿಕಾರ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಕಾರ್ಯಕ್ರಮ ಪ್ರಸಾರವಾಗಿ ಹದಿನಾಲ್ಕು ತಿಂಗಳಾಗಿತ್ತು. ಈ ನಡುವೆ ಕೆಲವು ಹಳ್ಳಿಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಬರಬಾರದೆಂದು ಸಾರಿದ್ದರು; ಪೆಟ್ಟು ತಿಂದದ್ದು ತಳ್ಳುಗಾಡಿಯಲ್ಲಿ ಹಣ್ಣು, ಮೀನು ಮಾರುವವರ ಹೊಟ್ಟೆಪಾಡು. ದಂಡದ ಸುದ್ದಿ ಬಂದ ದಿನ ಅವರಲ್ಲಿ ಎಷ್ಟು ಮಂದಿ ಆ ವಾಹಿನಿ ನೋಡುತ್ತಿದ್ದರೋ. ಪ್ರಾಧಿಕಾರದ ಮಾತು ನಡೆಯುವುದು ಸದಸ್ಯ ವಾಹಿನಿಗಳ ಮೇಲೆ ಮಾತ್ರ. ಪತ್ರಿಕೆಗಳ ಮೇಲಿನ ಭಾರತೀಯ ಪತ್ರಿಕಾ ಮಂಡಳಿಗೆ ಛೀಮಾರಿ ಹಾಕುವುದರಾಚೆಗೆ ಅಧಿಕಾರವಿಲ್ಲ.

ಮೊದಲ ದಿನದ ಅಬ್ಬರಕ್ಕೂ ಕೊನೆಯ ದಿನದ ಕಾಗದಕ್ಕೂ ಇರುವ ಈ ಅಂತರ ಬೇರೆ ಕಡೆಯೂ ಉಂಟು. ಹೊನ್ನಾವರದಲ್ಲಿ 2017ರ ಡಿಸೆಂಬರ್‌ನಲ್ಲಿ ಕೆರೆಯಲ್ಲಿ ಸಿಕ್ಕ ಯುವಕನ ಶವ, ಕೊಲೆ ಎಂಬ ಆರೋಪ ಎದ್ದು, ಉತ್ತರ ಕನ್ನಡವನ್ನೇ ಹೊತ್ತಿಸಿತು. ಅವನು ಆಕಸ್ಮಿಕವಾಗಿ ಮುಳುಗಿ ಸತ್ತದ್ದು ಎಂದು ಸಿಬಿಐ ವರದಿ ಕೊಟ್ಟದ್ದು 2022ರಲ್ಲಿ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟು ಕೊಂದದ್ದು ದೇಶದ ಸುದ್ದಿ. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಗೆ ತಿರುಗುತ್ತದೆ ಎಂಬ ಆರು ವರ್ಷದ ಹಳ್ಳಿಯ ಕಥೆಯನ್ನು ಅಲ್ಲೇ ಕೂತು ಬರೆಯಲು ಯಾವ ಪತ್ರಿಕೆಗೂ ಪುರುಸೊತ್ತಿರಲಿಲ್ಲ.

2024ರ ಮೇ 24ರ ರಾತ್ರಿ ಚನ್ನಗಿರಿ ಠಾಣೆಯಲ್ಲಿ ಆದದ್ದರಲ್ಲಿ ಎರಡು ಸುದ್ದಿಗಳಿದ್ದವು. ಮಟ್ಕಾ ಪ್ರಕರಣದಲ್ಲಿ ಕರೆತಂದಿದ್ದ ಯುವಕ ಸತ್ತ. ಲಾಕಪ್ ಸಾವು ಎಂದು ಮನೆಯವರು ಆರೋಪಿಸಿದರು, ಅಲ್ಲ ಎಂದು ಮುಖ್ಯಮಂತ್ರಿ ಹೇಳಿದರು, ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು. ಗುಂಪು ಠಾಣೆಗೆ ನುಗ್ಗಿ ವಾಹನಗಳನ್ನು ಜಖಂ ಮಾಡಿತು, ಪೊಲೀಸರು ಗಾಯಗೊಂಡರು. ಯಾವ ವಾಹಿನಿ ಯಾವುದನ್ನು ಮೊದಲು ಹೇಳಿತು, ಯಾವುದನ್ನು ಹೇಳದೆ ಬಿಟ್ಟಿತು ಎಂದು ನೋಡಿಯೇ ಜನ ಅದು ಯಾರ ಕಡೆಯದೆಂದು ತೀರ್ಮಾನಿಸಿದರು. ಎರಡೂ ಒಂದೇ ಸುದ್ದಿಯ ಭಾಗ ಎಂದು ಹೇಳುವ ವರದಿಗೆ ಅಂದು ಗಿರಾಕಿಗಳು ಕಮ್ಮಿ.

ತಾಲ್ಲೂಕು ವರದಿಗಾರ

ಇಷ್ಟೆಲ್ಲ ಸುದ್ದಿಯ ಬುಡದಲ್ಲಿರುವವನು ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರ. ಸಂಬಳ ಎನ್ನುವಂಥದ್ದು ಅವನಿಗೆ ಇರುವುದಿಲ್ಲ, ಗೌರವಧನ ಇರುತ್ತದೆ. ಪತ್ರಿಕೆಯ ಏಜೆನ್ಸಿ, ಚಿಕ್ಕ ಅಂಗಡಿ ಅಥವಾ ಜಮೀನು ಜೊತೆಗಿದ್ದರೆ ಬದುಕು. ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವ, ದೀಪಾವಳಿ, ಶಾಸಕರ ಹುಟ್ಟುಹಬ್ಬಕ್ಕೆ ಶುಭಾಶಯದ ಜಾಹೀರಾತು ತರುವ ಹೊಣೆಯೂ ಅವನದೇ. ಜಾಹೀರಾತು ಕೊಡುವವರು ಗುತ್ತಿಗೆದಾರರು, ಮಂಡಿ ವರ್ತಕರು, ಪಂಚಾಯಿತಿ ಅಧ್ಯಕ್ಷರು. ಕೂಲಿ ಹಣ ಬಾಕಿ ಉಳಿಸಿಕೊಂಡ ಗುತ್ತಿಗೆದಾರನ ಬಗ್ಗೆ ಬರೆಯಬೇಕಾದವನೂ ಅವನ ಹತ್ತಿರ ಅರ್ಧ ಪುಟದ ಜಾಹೀರಾತು ಕೇಳಬೇಕಾದವನೂ ಒಬ್ಬನೇ. ಇದನ್ನು ಹಳ್ಳಿಯವರು ಚೆನ್ನಾಗಿ ಬಲ್ಲರು. ‘ಪೇಪರ್‌ನಾಗೆ ಹಾಕಿಸ್ರಿ’ ಎಂದು ಕೇಳುವವರೇ ‘ಪೇಪರ್‌ನೋರು ಯಾರ ಕಡೆ ಅಂತ ನಮಗೆ ಗೊತ್ತಿಲ್ವಾ’ ಎಂದೂ ಹೇಳುತ್ತಾರೆ. ಹೊರಗಿನ ವಿದ್ವಾಂಸರು ‘ಮಾಧ್ಯಮದ ಬಿಕ್ಕಟ್ಟು’ ಎಂದು ಬರೆಯುವಾಗ ಮರೆಯುವುದು ಈ ಮನುಷ್ಯನನ್ನು. ರಾಜ್ಯದ ವಾಹಿನಿಗಳಲ್ಲಿ ಹಲವು ರಾಜಕಾರಣಿಗಳ, ಅವರ ಕುಟುಂಬಗಳ ಕೈಯಲ್ಲಿ ಇದ್ದದ್ದು, ಇರುವುದು ಮೇಲಿನ ಹಂತದ ಕಥೆ. ‘ಕಾಸಿಗಾಗಿ ಸುದ್ದಿ’ ಹೆಚ್ಚಾಗಿ ಆ ಹಂತದ ವ್ಯವಹಾರ.

ಈ ಸೀಮೆಯಲ್ಲೇ ಬರೆಯದೆ ಉಳಿದ ಸುದ್ದಿಗೆ ಒಂದು ಉದಾಹರಣೆ ಇದೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕಿಲೊಗೂ ಹೆಚ್ಚು ಚಿನ್ನ ಕಳುವಾಯಿತು. 2025ರ ಮಾರ್ಚ್‌ನಲ್ಲಿ ತಮಿಳುನಾಡಿನ ಬಾವಿಯೊಂದರಿಂದ ಅದು ಸಿಕ್ಕಾಗ ಈ ಪುಟ್ಟ ಪಟ್ಟಣ ದೇಶದ ಸುದ್ದಿಯಾಯಿತು. ವೆಬ್ ಸರಣಿ ನೋಡಿ ಕಳ್ಳತನ ಕಲಿತರಂತೆ ಎಂಬುದೇ ತಲೆಬರಹ. ಆ ಚಿನ್ನ ಬ್ಯಾಂಕಿನದಲ್ಲ, ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆಂದು ಸುತ್ತಿನ ಹಳ್ಳಿಯವರು ಅಡವಿಟ್ಟ ಒಡವೆ. ಒಂದು ಶಾಖೆಯಲ್ಲೇ ಅಷ್ಟು ಅಡವು ಏಕೆ ಸೇರಿತ್ತು ಎಂದು ಕೇಳಿದ್ದರೆ ಆ ಸೀಮೆಯ ಕೃಷಿ ಸಾಲದ ಕಥೆಯೇ ಬಿಚ್ಚಿಕೊಳ್ಳುತ್ತಿತ್ತು. ಓಡಿದ್ದು ಕಳ್ಳರ ಕಥೆ.

ಒಳಗಿನಿಂದ ಬಂದ ಉತ್ತರಗಳು

ಕನ್ನಡ ಪತ್ರಿಕೋದ್ಯಮಕ್ಕೆ ತನ್ನನ್ನು ತಾನೇ ಪ್ರಶ್ನಿಸಿಕೊಂಡ ಪರಂಪರೆಯೂ ಇದೆ. 1970ರ ದಶಕದಲ್ಲಿ ಮೈಸೂರಿನಿಂದ ಹೊರಟ ‘ಪಂಚಮ’ ದಲಿತರ ಮೇಲಿನ ದೌರ್ಜನ್ಯವನ್ನು ದಲಿತರೇ ಬರೆದ ಪತ್ರಿಕೆ. ಶಿವಮೊಗ್ಗ ತಾಲ್ಲೂಕಿನ ಕೊನಗವಳ್ಳಿಯ ಪಿ. ಲಂಕೇಶ್ 1980ರಲ್ಲಿ ಶುರು ಮಾಡಿದ ವಾರಪತ್ರಿಕೆ ಜಾಹೀರಾತು ತೆಗೆದುಕೊಳ್ಳದೆ ಓದುಗರ ದುಡ್ಡಿನಲ್ಲೇ ನಡೆಯಿತು. ತಾಲ್ಲೂಕು ಕಚೇರಿಯ ಗುಮಾಸ್ತನಿಗೂ ಅದರ ಭಯವಿತ್ತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ಹೊರತಂದ ‘ಮುಂಗಾರು’ ದೈನಿಕ ಹಿಂದುಳಿದ ವರ್ಗಗಳ ಹುಡುಗರನ್ನು ಸುದ್ದಿಮನೆಗೆ ತಂದಿತು, ಹಣದ ಮುಗ್ಗಟ್ಟಿನಲ್ಲಿ ನಿಂತಿತು. ಅಂಬೇಡ್ಕರ್ ಜಯಂತಿಯ ದಿನ, 2012ರ ಏಪ್ರಿಲ್ 14ರಂದು, ಪ್ರಜಾವಾಣಿ ತನ್ನ ಸಂಚಿಕೆಯನ್ನು ದೇವನೂರ ಮಹಾದೇವರ ಕೈಗೆ ಕೊಟ್ಟಿತು. ಒಂದು ದಿನದ ಮಟ್ಟಿಗೆ ಕೊಡಬೇಕಾಗಿ ಬಂದದ್ದೇ ಉಳಿದ ದಿನಗಳ ಸುದ್ದಿಮನೆಯ ಬಗ್ಗೆ ಬಹಳ ಹೇಳುತ್ತದೆ. ಪಿ. ಸಾಯಿನಾಥರ ಬರದ ವರದಿಗಳು ಜಿ.ಎನ್. ಮೋಹನ್ ಅನುವಾದದಲ್ಲಿ ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂದು ಕನ್ನಡಕ್ಕೆ ಬಂದವು. ಅವರು 2014ರಲ್ಲಿ ಆರಂಭಿಸಿದ ‘ಪರಿ’ ಜಾಲತಾಣ ಕನ್ನಡದಲ್ಲೂ ಹಳ್ಳಿಯ ಬದುಕನ್ನು ದಾಖಲಿಸುತ್ತಿದೆ.

ಈಚಿನ ಸ್ಥಿತಿ

ನಂಬಿಕೆ ಕಳೆದುಕೊಂಡ ಜನ ಸುದ್ದಿ ಕೇಳುವುದನ್ನು ಬಿಡಲಿಲ್ಲ, ವಾಟ್ಸ್‌ಆ್ಯಪ್‌ಗೆ ಹೋದರು. ‘ಟಿ.ವಿ.ಯವರು ಇದನ್ನು ತೋರಿಸೋದಿಲ್ಲ’ ಎಂಬ ಸಾಲಿನೊಂದಿಗೆ ಬರುವ ವಿಡಿಯೊಗೆ ಹಳೆಯ ಅಪನಂಬಿಕೆಯೇ ಬಂಡವಾಳ. ಜೈನ ಮುನಿಯೊಬ್ಬರು ರಸ್ತೆ ಅಪಘಾತದಲ್ಲಿ ಗಾಯಗೊಂಡದ್ದನ್ನು ಕೋಮು ದಾಳಿ ಎಂದು ಬರೆದ ಆರೋಪದಲ್ಲಿ ಪೋಸ್ಟ್‌ಕಾರ್ಡ್ ನ್ಯೂಸ್‌ನ ಸಂಪಾದಕರನ್ನು 2018ರ ಮಾರ್ಚ್‌ನಲ್ಲಿ ಬಂಧಿಸಲಾಗಿತ್ತು. ತಾಲ್ಲೂಕುಗಳಲ್ಲಿ ಈಗ ಯೂಟ್ಯೂಬ್ ಚಾನಲ್‌ಗಳು ಅಣಬೆಯಂತೆ ಎದ್ದಿವೆ. ಪಂಚಾಯಿತಿಯ ಕಳಪೆ ಕಾಮಗಾರಿಯನ್ನು ನೇರವಾಗಿ ತೋರಿಸುವವೂ ಅವೇ, ತೋರಿಸದಿರಲು ದುಡ್ಡು ಕೇಳುವವೂ ಅವುಗಳಲ್ಲಿವೆ.

ಒಳಮೀಸಲಾತಿಯ ಸುದ್ದಿಯೂ ಮುಂದುವರಿದಿದೆ. ಉಪವರ್ಗೀಕರಣಕ್ಕೆ ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಒಪ್ಪಿಗೆ ಕೊಟ್ಟಿತು. ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ 59 ಅಲೆಮಾರಿ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಇತ್ತು. ಆಗಸ್ಟ್ 19ರ ಸಂಪುಟ ನಿರ್ಣಯ ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಎಂದು ಹಂಚಿ, ಅಲೆಮಾರಿಗಳನ್ನು ಲಂಬಾಣಿ, ಭೋವಿ, ಕೊರಚ, ಕೊರಮರ ಜೊತೆ ಶೇ 5ರಲ್ಲಿ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು. ಸುದ್ದಿ ರಾಜಧಾನಿಯದಾಯಿತು, ಊರಾಚೆ ಗುಡಾರ ಹಾಕಿಕೊಂಡಿರುವ ಸುಡುಗಾಡು ಸಿದ್ಧರ, ಹಂದಿಜೋಗಿಗಳ ಬಳಿ ಹೋಗಿ ಆ ಶೇ 1 ಏನಾಯಿತೆಂದು ಕೇಳಿ ಬರೆದ ವರದಿಗಳು ತಾಲ್ಲೂಕುಗಳಿಂದ ಬಂದದ್ದು ಕಡಿಮೆ.